ಸುಧಾರಣೆಯನ್ನು ಅಳೆಯುವ ಬಗೆ
(ಬಾಗಲಕೋಟೆಯಲ್ಲಿ ಆಪ್ತಸಮಾಲೋಚಕರು ಹಾಗೂ ಆಶಾ ಕಾರ್ಯಕರ್ತೆಯರಿಗೆ ನೀಡಿದ ಉಪನ್ಯಾಸ)

ಆತ್ಮೀಯರೆ,

ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಎಷ್ಟು ಜನ ಬಂದರು, ಎಷ್ಟು ಮಾತ್ರೆ ಹೋದವು ಎಂಬ ಲೆಕ್ಕವನ್ನು ನಾವು ಶ್ರದ್ಧೆಯಿಂದ ಬರೆದಿಡುತ್ತೇವೆ. ಬಂದವರ ಬದುಕು ಎಷ್ಟು ಸುಧಾರಿಸಿತು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕೆಂಬುದು ನನ್ನ ಒತ್ತಾಯ.

ಖಿನ್ನತೆ ಎಷ್ಟಿದೆಯೆಂದು ಅಳೆಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಕಳೆದ ಎರಡು ವಾರಗಳನ್ನು ಕುರಿತ 9 ಪ್ರಶ್ನೆಗಳಿದ್ದು, ಒಟ್ಟು ಅಂಕ 0ಯಿಂದ 27ರವರೆಗೆ ಇರುತ್ತದೆ. ಅಂಕ 5ರಷ್ಟು ಇಳಿದರೆ ಅದು ಗಣನೀಯ ಬದಲಾವಣೆ, ಅರ್ಧಕ್ಕಿಳಿದರೆ ಚಿಕಿತ್ಸೆ ಫಲಿಸುತ್ತಿದೆ ಎಂದು ಪರಿಗಣಿಸುವುದು ವಾಡಿಕೆ. ಆದರೆ ಅತ್ತೆ ಪಕ್ಕದಲ್ಲಿ ಕೂತಿದ್ದಾಗ ಸೊಸೆ ಕೊಡುವ ಉತ್ತರವೇ ಬೇರೆ. ಪ್ರತಿ ಸಲವೂ ಏಕಾಂತದಲ್ಲಿ ಕೇಳದಿದ್ದರೆ ಹಿಂದಿನ ಅಂಕದೊಡನೆ ಹೋಲಿಸಿ ಪ್ರಯೋಜನವಿಲ್ಲ. 9ನೆಯ ಪ್ರಶ್ನೆ ಸಾವಿನ ಯೋಚನೆಯನ್ನು ಕುರಿತದ್ದು. ಒಟ್ಟು ಅಂಕ ಎಷ್ಟೇ ಇಳಿದಿರಲಿ, ಅಲ್ಲಿ ಸೊನ್ನೆ ಬಾರದಿದ್ದರೆ ಅಂದೇ ಕೂತು ಮಾತಾಡಲೇಬೇಕು.

ಇಳಕಲ್ಲಿನ ಒಬ್ಬ ನೇಕಾರ ತಾಯಿಯನ್ನು ಕಲ್ಪಿಸಿಕೊಳ್ಳಿ. ಅಂಕ 18ರಿಂದ 9ಕ್ಕೆ ಇಳಿದಿದೆ, ‘ನಿದ್ದಿ ಹತ್ತತೈತ್ರಿ’ ಎನ್ನುತ್ತಾರೆ, ಆದರೆ ಮಗ್ಗದ ಮುಂದೆ ಇನ್ನೂ ಕೂತಿಲ್ಲ. ಅವರ ಪಾಲಿಗೆ ಗುಣವಾಗುವುದೆಂದರೆ ಮಗ್ಗಕ್ಕೆ ಮರಳುವುದೇ. ಇಂಥದ್ದನ್ನು ಅಳೆಯಲೆಂದು, ಅದೂ ಸಮುದಾಯ ಮಾನಸಿಕ ಆರೋಗ್ಯ ಸೇವೆಗಳಿಗಾಗಿಯೇ, 1968ರಲ್ಲಿ ಅಮೆರಿಕದ ಕಿರೆಸುಕ್ ಮತ್ತು ಶೆರ್ಮನ್ ಗುರಿಸಾಧನೆಯ ಮಾಪಕವೊಂದನ್ನು ಮುಂದಿಟ್ಟರು. ಚಿಕಿತ್ಸೆಯ ಆರಂಭದಲ್ಲೇ ಆ ತಾಯಿಯೊಡನೆ ಕೂತು, ಮೂರು ತಿಂಗಳಲ್ಲಿ ಏನಾಗಬಹುದೆಂಬುದನ್ನು ಐದು ಹಂತಗಳಲ್ಲಿ ಬರೆಯಬೇಕು. ಮಗ್ಗದ ಕೋಣೆಗೇ ಹೋಗದಿರುವುದು ಮೈನಸ್ 2; ಹೋಗಿ ನೂಲು ಸುತ್ತಿಕೊಡುವುದು ಮೈನಸ್ 1; ನಿರೀಕ್ಷೆಯಂತೆ ವಾರಕ್ಕೆ ಮೂರು ದಿನ ನೇಯುವುದು 0; ದಿನವೂ ನೇಯುವುದು ಪ್ಲಸ್ 1; ಸೀರೆಯ ಸೆರಗಿನ ಹಾಸುನೂಲನ್ನು ಒಡಲಿನ ಹಾಸುನೂಲಿಗೆ ಸೇರಿಸುವ ಕೊಂಡಿಯ ಕೆಲಸವನ್ನೂ ಗಮನವಿಟ್ಟು ಮಾಡುವುದು ಪ್ಲಸ್ 2. ಹಂತಗಳನ್ನು ಮೊದಲೇ ಬರೆಯುವುದು ಮುಖ್ಯ, ಇಲ್ಲವಾದರೆ ಆದದ್ದನ್ನೇ ಗುರಿಯೆಂದು ಹೇಳಿಕೊಳ್ಳುವ ಸಂಭವವಿದೆ. ಗುರಿ ಅವರದಾಗಿರಬೇಕು, ಮನೆಯವರದಲ್ಲ. ಅಳೆದ ಮೇಲೆ ಫಲಿತಾಂಶವನ್ನು ಮೊದಲು ಅವರಿಗೇ ತೋರಿಸಬೇಕು.

ತೀವ್ರ ಮಾನಸಿಕ ಕಾಯಿಲೆಯವರ ಅಂಗವಿಕಲತೆಯನ್ನು ಅಳೆಯಲು ಬಳಸುವ ಐಡಿಯಾಸ್ ಮಾಪಕ ಸ್ವಂತ ಆರೈಕೆ, ಸಂಬಂಧ, ಸಂವಹನ, ದುಡಿಮೆ ಎಂಬ ನಾಲ್ಕು ನೆಲೆಗಳನ್ನು ನೋಡುತ್ತದೆ. ಅಂಗವಿಕಲತೆಯ ಪ್ರಮಾಣಪತ್ರವೂ ಅದರ ಮೇಲೆಯೇ ನಿಂತಿದ್ದು, ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ಅಂಗವಿಕಲತೆ ಇರಬೇಕಾಗಿರುವುದರಿಂದ, ‘ಆರಾಮ ಆಗೈತಿ’ ಎಂದರೆ ಪಿಂಚಣಿ ನಿಂತೀತೆಂದು ಕುಟುಂಬ ಹೆದರುವುದು ಸಹಜ. ಆ ಭಯಕ್ಕೆ ಅವರನ್ನು ದೂಷಿಸದೆ, ಪ್ರಗತಿಯ ದಾಖಲೆಯನ್ನು ಪ್ರಮಾಣಪತ್ರದ ಕಡತದಿಂದ ಬೇರೆಯಾಗಿಯೇ ಇಡೋಣ.

ಫಾಲೋಅಪ್‌ಗೆ ಬಾರದವರನ್ನು ಬಿಟ್ಟು ಸರಾಸರಿ ತೆಗೆದರೆ ಸೇವೆ ಇರುವುದಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಹೋದವರೂ ನಮ್ಮ ಲೆಕ್ಕದಲ್ಲಿರಬೇಕು. ಹೊರಡುವ ಮುಂಚೆಯೇ ಒಮ್ಮೆ ಅಳೆದು, ಫೋನ್ ನಂಬರ್ ಬರೆದುಕೊಂಡು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರಿಗೆ ಕೊಟ್ಟು ಕಳಿಸಿ. ಮರಳಿದ ವಾರವೇ ಆಶಾ ಕಾರ್ಯಕರ್ತೆ ಅವರ ಮನೆಗೆ ಹೋಗಿ ಮತ್ತೆ ಅಳೆಯಲಿ.