ನದಿದಂಡೆಯ ಹಾದಿ ಸೇತುವೆ ಬಂದಾಗ ಏನಾಗುತ್ತೆ?

ನಮಸ್ಕಾರ. ನಗರದ ನದಿದಂಡೆಯಲ್ಲಿ ನಡೆಯೋರಿಗೆ, ಸೈಕಲ್ ತುಳಿಯೋರಿಗೆ ಹಸಿರು ಹಾದಿ ಮಾಡ್ತೀವಿ ಅಂತ ಯಾರಾದ್ರೂ ನಕ್ಷೆ ಹರಡಿದ್ರೆ, ನನ್ನ ಕಣ್ಣು ಮೊದಲು ಹೋಗೋದು ಸೇತುವೆಗಳ ಕಡೆ. ಬೆಂಚು, ಹೂಗಿಡ ಆಮೇಲೆ ನೋಡೋಣ.

ಎಷ್ಟೋ ಕಡೆ ಹಾದಿ ಸೇತುವೆಯ ಬುಡಕ್ಕೆ ಬಂದು ನಿಂತುಬಿಡುತ್ತೆ. ಸೈಕಲ್ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು, ವಾಹನಗಳ ನಡುವೆ ರಸ್ತೆ ದಾಟಬೇಕು, ಮತ್ತೆ ಇಳಿಯಬೇಕು. ಮಗುವನ್ನು ಹಿಂದೆ ಕೂರಿಸಿಕೊಂಡವರು, ಗಾಲಿಕುರ್ಚಿಯಲ್ಲಿ ಬಂದವರು ಅಲ್ಲಿಂದಲೇ ವಾಪಸ್. ಇದು ನನಗೆ ಸಹಿಸೋಕೆ ಆಗಲ್ಲ. ಹಾದಿ ಸೇತುವೆಯ ಕೆಳಗೇ ಸಾಗಬೇಕು. ತಲೆ ತಗ್ಗಿಸದೆ ಸೈಕಲ್ ಹೋಗೋಕೆ ಎರಡೂವರೆ ಮೀಟರ್ ಎತ್ತರವಾದ್ರೂ ಇರಲಿ, ಹಗಲಲ್ಲೂ ದೀಪ ಉರಿಯಲಿ, ಈ ತುದಿಯಲ್ಲಿ ನಿಂತರೆ ಆ ತುದಿ ಕಾಣಲಿ. ತಿರುವಿನಾಚೆ ಯಾರಿದ್ದಾರೋ ಅನ್ನೋ ಅಳುಕಿದ್ದರೆ, ಕತ್ತಲಾದ ಮೇಲೆ ಹೆಣ್ಣುಮಕ್ಕಳು ಅತ್ತ ಸುಳಿಯಲ್ಲ.

ಕೆಳಗಿದ್ದರೆ ನೆರೆಯಲ್ಲಿ ಮುಳುಗುತ್ತಲ್ಲ ಅಂತೀರಿ. ಮುಳುಗಲಿ! ವರ್ಷದಲ್ಲಿ ಕೆಲವು ದಿನ ಆ ಜಾಗ ನದಿಯದು. ಅದಕ್ಕೆ ಹೆದರಿ ಎತ್ತರದ ತಡೆಗೋಡೆ ಕಟ್ಟಿದರೆ ನೀರು ಇನ್ನೂ ರಭಸವಾಗಿ ಹರಿದು ಮುಂದಿನ ಬಡಾವಣೆಗೆ ನುಗ್ಗಬಹುದು. ಸಿಂಗಾಪುರದ ಬಿಷಾನ್ ಉದ್ಯಾನದಲ್ಲಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, ಹುಲ್ಲುದಂಡೆಯ ನಡುವೆ ಬಳುಕುವ ನದಿಯನ್ನಾಗಿ ಮಾಡಿ 2012ರಲ್ಲಿ ಜನರಿಗೆ ತೆರೆದರು. ಜೋರು ಮಳೆ ಬಂದಾಗ ನೀರು ಹುಲ್ಲಿನ ಮೇಲೆ ಹರಡುತ್ತೆ. ಮಟ್ಟ ಏರುವ ಮುನ್ನವೇ ಸೈರನ್ ಕೂಗುತ್ತೆ, ಜನ ಮೇಲೆ ಹತ್ತುತ್ತಾರೆ. ನಮ್ಮ ನಕ್ಷೆಯಲ್ಲೂ ಸೈರನ್, ಕಿತ್ತುಹೋಗದ ನೆಲಹಾಸು, ಬದಲಿ ಮೇಲ್ದಾರಿ ಬೇಕು. ನೆರೆ ಇಳಿದ ಮೇಲೆ ಹೂಳು ತೊಳೆಯೋ ಸಿಬ್ಬಂದಿಗೆ ಪ್ರತಿವರ್ಷ ದುಡ್ಡೂ ಎತ್ತಿಡಬೇಕು. ಉದ್ಘಾಟನೆಗೆ ಸಿಗುವ ಹಣ ಹೂಳಿಗೆ ಸಿಗೋದು ಕಷ್ಟ, ಅದಕ್ಕೇ ಈಗಲೇ ಕೇಳಬೇಕು.

ನಡೆಯೋರನ್ನೂ ಸೈಕಲ್‌ನವರನ್ನೂ ಬೇರೆ ಬೇರೆ ಪಟ್ಟಿಯಲ್ಲಿಡಿ, ಬರೀ ಬಣ್ಣದ ಗೆರೆ ಸಾಲದು. ಅಜ್ಜಂದಿರು ಗಂಟೆ ಸದ್ದಿಗೆ ಬೆಚ್ಚಿಬೀಳೋ ಹಾಗಿರಬಾರದು.

ಇನ್ನು, ಹಾದಿಗೆ ಇಳಿಯೋದು ಎಲ್ಲಿಂದ? ವಾಹನ ನಿಲ್ಲಿಸೋ ಜಾಗದಲ್ಲಿ ಒಂದೇ ದೊಡ್ಡ ದ್ವಾರ ಇಟ್ಟರೆ, ಕಾರಿದ್ದವರು ಭಾನುವಾರ ಬಂದು ಹೋಗ್ತಾರೆ ಅಷ್ಟೇ. ನದಿಗೆ ಬಂದು ಮುಟ್ಟೋ ಪ್ರತಿ ಗಲ್ಲಿಯಿಂದಲೂ ಇಳಿಜಾರು ಬೇಕು, ಇಪ್ಪತ್ತು ಮೀಟರ್ ನಡೆದರೆ ಒಂದು ಮೀಟರ್ ಇಳಿಯೋವಷ್ಟು ನಿಧಾನದ್ದು. ಅಹವಾಲು ಸಭೆ ಕರೆದರೆ ದಯವಿಟ್ಟು ಹೋಗಿ, ನಿಮ್ಮ ಗಲ್ಲಿಯ ಇಳಿಜಾರು ನಕ್ಷೆಯಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋಕೆ ಹೇಳಿ.