ಶಿವರಾತ್ರಿಗೆ ಮುಂಚೆ ಒಮ್ಮೆ ತಾರಸಿ ಹತ್ತಿ

ಎಲ್ಲರಿಗೂ ನಮಸ್ಕಾರ. ಊಟದ ಹೊತ್ತಿಗೆ ಬಿಟ್ಟುಬಿಡುತ್ತೇನೆ, ಚಿಂತೆ ಬೇಡ.

ಹೋಟೆಲ್, ಆಸ್ಪತ್ರೆ, ಕಲ್ಯಾಣ ಮಂಟಪಗಳ ಮೇಂಟೆನೆನ್ಸ್ ನೋಡಿಕೊಳ್ಳುವವರೇ ಇಲ್ಲಿ ಜಾಸ್ತಿ ಇದ್ದೀರಿ. ನಮ್ಮ ಹಾಸನದಲ್ಲಿ ಮಳೆ ಹಿಡಿಯಿತು ಅಂದರೆ ಎಸಿ ಕೇಳುವವರಿಲ್ಲ. ಆಮೇಲೆ ಚಳಿಗಾಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ, ಆಗ ಯಾರೋ ತಾರಸಿಗೆ ಹೋಗಿ ಕೂಲಿಂಗ್ ಟವರ್, ಅಂದರೆ ದೊಡ್ಡ ಎಸಿಯ ಬಿಸಿ ನೀರನ್ನು ಗಾಳಿಗೆ ಸುರಿದು ತಣಿಸುವ ಗೋಪುರ, ಅದರ ಸ್ವಿಚ್ ಒತ್ತುತ್ತಾರೆ. ತಿಂಗಳುಗಟ್ಟಲೆ ನಿಂತ ನೀರು ಹನಿಹನಿಯಾಗಿ ಗಾಳಿಗೆ ಹಾರುತ್ತದೆ. ಆ ಹನಿಯಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ನನಗೆ ಭಯ ಆ ಒಂದು ದಿನದ್ದೇ.

1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ ಸಮಾವೇಶ ನಡೆಯಿತು. ಬಂದವರು ಊರಿಗೆ ಹೋಗಿ ನ್ಯುಮೋನಿಯಾದಿಂದ ಮಲಗಿದರು. ಒಟ್ಟು 34 ಜನ ಸತ್ತರು. ಹೋಟೆಲ್ ಒಳಗೆ ಕಾಲೇ ಇಡದೆ ಪಕ್ಕದ ಫುಟ್‌ಪಾತಿನಲ್ಲಿ ನಡೆದು ಹೋದವರಿಗೂ ಕಾಯಿಲೆ ಬಂತು. ಮುಂದಿನ ಜನವರಿಯಲ್ಲಿ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿ ಆ ಬ್ಯಾಕ್ಟೀರಿಯಾ ಹಿಡಿದರು. ಲೀಜಿಯೊನೆಲ್ಲಾ ಅನ್ನುವ ಹೆಸರು ಬಂದದ್ದು ಹಾಗೆ.

ಇದು ಕುಡಿಯುವ ನೀರಿನಿಂದ ಹೊಟ್ಟೆ ಕೆಡಿಸುವ ಜಾತಿಯಲ್ಲ. ಸಣ್ಣ ಹನಿಯಲ್ಲಿ ಕೂತು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. 20ರಿಂದ 45 ಡಿಗ್ರಿ ಶಾಖದಲ್ಲಿ ಬೆಳೆಯುತ್ತದೆ, 35ರ ಆಸುಪಾಸು ಅದಕ್ಕೆ ಬಲು ಇಷ್ಟ. ಈಗ ನಿಮ್ಮ ಟವರ್ ನೋಡಿ. ಎಸಿಯ ಶಾಖವನ್ನು ನೀರಿಗೆ ಬಿಡುವ ಕಂಡೆನ್ಸರ್‌ನಿಂದ ನೀರು ಬರುವುದು ಸುಮಾರು 37ಕ್ಕೆ, ತಣಿದು ವಾಪಸ್ ಹೋಗುವುದು 32ಕ್ಕೆ. ನಾವೇ ಗೂಡು ಕಟ್ಟಿ ಕೊಟ್ಟ ಹಾಗಾಯಿತು ಅಲ್ವಾ? ಮನೆಯ ಸ್ಪ್ಲಿಟ್ ಎಸಿಗೆ ಈ ಗೋಳಿಲ್ಲ, ಅದರಲ್ಲಿ ಹೀಗೆ ನೀರು ಸುರಿಯುವ ಟವರ್ ಇರುವುದಿಲ್ಲ.

ಒಂದು ಕಟ್ಟಡದ ಹೆಸರು ಹೇಳುವುದಿಲ್ಲ. ಟವರ್ ಬಾಗಿಲು ತೆಗೆದು ಫಿಲ್ (ನೀರು ಹರಡಿ ಇಳಿಯುವ ಹಾಳೆಗಳು) ಮೇಲೆ ಬೆರಳು ಆಡಿಸಿದೆ. ಹಳೇ ಬಾವಿಯ ಮೆಟ್ಟಿಲಿನ ಹಾಗೆ ಲೋಳೆ. ಅದರ ಕೆಳಗೆ ಬೋರ್‌ವೆಲ್ ನೀರಿನ ಸುಣ್ಣ, ಸ್ನಾನದ ಹಂಡೆಯಲ್ಲಿ ಕಟ್ಟುತ್ತದಲ್ಲ, ಅದೇ. ಬೇಸಿನ್ ತಳದಲ್ಲಿ ನಾಲ್ಕು ಬೆರಳು ಕೆಸರು, ಒಂದು ಕಪ್ಪೆ ಬೇರೆ. "ಪ್ರತಿ ತಿಂಗಳೂ ಕ್ಲೋರಿನ್ ಹಾಕ್ತೀವಿ ಸಾರ್" ಅಂದರು ಅಲ್ಲಿನವರು. ಹಾಕಿರಬಹುದು. ಆದರೆ ಲೋಳೆಯ ಒಳಗೆ ಅಮೀಬಾ ಇರುತ್ತದೆ, ಅಮೀಬಾದ ಹೊಟ್ಟೆಯೊಳಗೆ ಈ ಬ್ಯಾಕ್ಟೀರಿಯಾ ಬೆಚ್ಚಗಿರುತ್ತದೆ. ಅಲ್ಲಿಗೆ ನಿಮ್ಮ ಕ್ಲೋರಿನ್ ಸರಿಯಾಗಿ ತಲುಪುವುದಿಲ್ಲ.

ಹಾಗಂತ ಜೆಟ್ ಪಂಪ್ ಹಿಡಿದು ನುಗ್ಗಬೇಡಿ. 2003-04ರಲ್ಲಿ ಫ್ರಾನ್ಸಿನ ಪಾ-ದ-ಕಾಲೆ ಪ್ರದೇಶದಲ್ಲಿ 86 ಜನರಿಗೆ ಇದೇ ಕಾಯಿಲೆ ಬಂದು 18 ಜನ ಸತ್ತರು. ಒಂದು ಕಾರ್ಖಾನೆಯ ಟವರಿನ ಹನಿ ಆರು ಕಿಲೋಮೀಟರಿಗೂ ದೂರ ಹೋಗಿತ್ತು. ಹೆಚ್ಚು ಒತ್ತಡದ ನೀರು ಹೊಡೆದು ಟವರ್ ತೊಳೆದದ್ದೇ ಸೋಂಕನ್ನು ಇನ್ನಷ್ಟು ಹರಡಿತು ಅನ್ನುತ್ತದೆ ತನಿಖೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಆರು ಕಿಲೋಮೀಟರ್ ಅಳೆದು ನೋಡಿ, ಊರೇ ಮುಗಿದುಹೋಗುತ್ತದೆ.

ಅದಕ್ಕೇ ಮೊದಲು ಕೊಲ್ಲಿ, ಆಮೇಲೆ ತೊಳೆಯಿರಿ. ಫ್ಯಾನ್ ಆಫ್ ಇರಲಿ. ಪಂಪ್ ಮಾತ್ರ ಓಡಿಸಿ, ಉಳಿಕೆ ಕ್ಲೋರಿನ್ (ನೀರಲ್ಲಿ ಖರ್ಚಾಗದೆ ಉಳಿದದ್ದು) 5 ಪಿಪಿಎಂ, ಅಂದರೆ ಲೀಟರಿಗೆ 5 ಮಿಲಿಗ್ರಾಂ, ಅದಕ್ಕಿಂತ ಕೆಳಗೆ ಇಳಿಯದ ಹಾಗೆ 5 ಗಂಟೆ ಸುತ್ತಿಸಿ. ನೀರಿನ ಪಿಎಚ್ 8 ದಾಟಿದ್ದರೆ ಕ್ಲೋರಿನ್‌ಗೆ ಬಲ ಕಡಿಮೆ, ಅದನ್ನು ಮೊದಲು ನೋಡಿ. ಆಮೇಲೆ ನೀರು ಖಾಲಿ ಮಾಡಿ, ಕೆಸರು ತೆಗೆದು, ಫಿಲ್ ಉಜ್ಜಿ, ಮತ್ತೆ ತುಂಬಿಸಿ ಇನ್ನೊಮ್ಮೆ ಕ್ಲೋರಿನ್ ಹಾಕಿ. ಒಳಗೆ ಇಳಿಯುವವನಿಗೆ ಒಳ್ಳೆಯ ಮಾಸ್ಕ್ ಕೊಡಿ, ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು. ಡ್ರಿಫ್ಟ್ ಎಲಿಮಿನೇಟರ್ ಮುರಿದಿದ್ದರೆ ಸುಮ್ನೆ ಬಿಡಬೇಡಿ, ಹನಿ ಹೊರಗೆ ಹೋಗದಂತೆ ತಡೆಯುವುದು ಅದೊಂದೇ. ಮಳೆಗಾಲಕ್ಕೆ ನಿಲ್ಲಿಸುವಾಗ ನೀರು ಪೂರ್ತಿ ಬಸಿದುಬಿಟ್ಟರೆ ಅರ್ಧ ತಲೆನೋವು ಆಗಲೇ ಹೋಯಿತು.

ಟವರ್ ಕೆಲಸ ಮಾಡಿದ ಹುಡುಗನಿಗೆ 2ರಿಂದ 10 ದಿನದೊಳಗೆ ಜ್ವರ, ಕೆಮ್ಮು, ಏದುಸಿರು ಬಂದರೆ ಟವರ್ ವಿಷಯ ಡಾಕ್ಟರಿಗೆ ಹೇಳಲೇಬೇಕು. ಪೆನ್ಸಿಲಿನ್ ಜಾತಿಯ ಔಷಧಿ ಇದಕ್ಕೆ ನಾಟುವುದಿಲ್ಲ, ಅಜಿಥ್ರೊಮೈಸಿನ್‌ನಂಥದು ಬೇಕು. ಮೂತ್ರದ ಪರೀಕ್ಷೆಯೂ ಇದೆ.

ಈ ಕಟ್ಟಡದ ಟವರ್ ಬಾಗಿಲು ತೆಗೆಸಿದ್ದೇನೆ. ಫ್ಯಾನ್ ಬೆಳಿಗ್ಗೆಯೇ ಆಫ್ ಆಗಿದೆ. ಬಾಗಿಲ ಹತ್ತಿರ ಮಾಸ್ಕ್ ಡಬ್ಬಿ ಇದೆ, ಒಂದೊಂದು ಹಾಕಿಕೊಂಡು ನನ್ನ ಹಿಂದೆ ಬನ್ನಿ.