ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡ್ತೀರಾ? ಮೊದಲು ಕೇಳಿ: ರಾತ್ರಿ ಅಲ್ಲಿ ಯಾರಿರುತ್ತಾರೆ?

[ದೃಶ್ಯ: ಬಾಗಿಲ ಬಳಿ ಸೂಟ್‌ಕೇಸ್‌ಗಳು, ಪಕ್ಕದಲ್ಲಿ ನಾಯಿ]

ನಮಸ್ಕಾರ. ದಸರಾ ರಜೆಗೆ ಟಿಕೆಟ್ ಆಯ್ತು, ರೂಮ್ ಬುಕ್ ಆಯ್ತು. ಹೊರಡುವ ವಾರದಲ್ಲಿ ನೆನಪಾಗುತ್ತದೆ, ‘ಅಯ್ಯೋ, ನಾಯೀನ ಏನು ಮಾಡೋದು?’ ಅಂತ. ಆಗ ಫೋನ್‌ನಲ್ಲಿ ನಾಲ್ಕು ಫೋಟೊ ನೋಡಿ, ಜಾಗ ಖಾಲಿ ಇದ್ದ ಬೋರ್ಡಿಂಗ್‌ನಲ್ಲಿ, ಅಂದರೆ ದುಡ್ಡು ತಗೊಂಡು ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಕಡೆ, ಬಿಟ್ಟು ಹೋಗುವವರು ಎಷ್ಟೋ ಜನ.

ಫೋಟೊದಲ್ಲಿ ಈಜುಕೊಳ ಇರುತ್ತದೆ, ಹುಲ್ಲುಹಾಸು ಇರುತ್ತದೆ, ಎಸಿ ರೂಮ್ ಇರುತ್ತದೆ. ಅದೆಲ್ಲ ಆಮೇಲೆ. ಮೊದಲು ಕೇಳಬೇಕಾದದ್ದು ಒಂದೇ: ರಾತ್ರಿ ನಾಯಿಗಳ ಜೊತೆ ಯಾರು ಮಲಗುತ್ತಾರೆ?

ಯಾಕೆ ಅಂದರೆ, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ ಕೆಲವೊಮ್ಮೆ ಹೊಟ್ಟೆ ಗಾಳಿ ತುಂಬಿ ಉಬ್ಬಿ, ಒಳಗೇ ತಿರುಚಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗದಿದ್ದರೆ ಜೀವ ಉಳಿಯುವುದಿಲ್ಲ. ಅಲ್ಲಿ ಸಿಸಿಟಿವಿ ಕ್ಯಾಮೆರಾ ಇದ್ದರೂ ಅದನ್ನು ರೆಕಾರ್ಡ್ ಮಾಡುತ್ತದೆ, ಅಷ್ಟೇ. ಎತ್ತಿಕೊಂಡು ಆಸ್ಪತ್ರೆಗೆ ಓಡಲು ಮನುಷ್ಯರೇ ಬೇಕು. ‘ಬೆಳಿಗ್ಗೆ ಏಳಕ್ಕೆ ಹುಡುಗ ಬರ್ತಾನೆ ಸಾರ್’ ಅನ್ನುವ ಜಾಗ ಎಷ್ಟೇ ಚೆಂದವಿದ್ದರೂ ಬೇಡ.

[ದೃಶ್ಯ: ಕೆನಲ್‌ನ ಒಳಾಂಗಣ, ಗೇಟು, ನೆಲ]

ಮುಂಚಿತವಾಗಿ ಒಮ್ಮೆ ಖುದ್ದಾಗಿ ಹೋಗಿ ನೋಡಿ. ಆಫೀಸ್ ರೂಮ್ ಮಾತ್ರ ತೋರಿಸಿ ಕಳಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ನಾಯಿಗಳು ಮಲಗುವ ಜಾಗ ನೋಡಬೇಕು. ನೆಲ ಒಣಗಿದೆಯೇ? ಗೇಟು ಒಂದೇ ಇದೆಯೋ, ಒಂದರ ಹಿಂದೆ ಇನ್ನೊಂದಿದೆಯೋ? ಹೊಸ ಜಾಗದಲ್ಲಿ ಗಾಬರಿಯಾದ ನಾಯಿ ಒಂದು ಗೇಟು ತೆರೆದ ಕ್ಷಣದಲ್ಲೇ ನುಗ್ಗಿ ಓಡಿಬಿಡುತ್ತದೆ. ಕತ್ತುಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಇರಲಿ.

ಇಡೀ ದಿನ ಗಿಡ್ಡ ಚೈನಿನಲ್ಲಿ ಕಟ್ಟಿದ್ದರೆ, ತಿರುಗಾಡಲೂ ಆಗದ ಪಂಜರದಲ್ಲಿ ಕೂಡಿದ್ದರೆ ಸುಮ್ನೆ ಬರಬೇಡಿ, ಕೇಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅದು ಅಪರಾಧ.

ಇನ್ನು ಲಸಿಕೆ. ಲಸಿಕೆ ಕಾರ್ಡ್ ಕೇಳದೆ ನಿಮ್ಮ ನಾಯಿಯನ್ನು ಸೇರಿಸಿಕೊಂಡರೆ ಖುಷಿಪಡಬೇಡಿ. ಪಕ್ಕದ ಗೂಡಿನ ನಾಯಿಯನ್ನೂ ಹಾಗೇ ಸೇರಿಸಿಕೊಂಡಿರುತ್ತಾರೆ, ಅಲ್ವಾ? ರೇಬೀಸ್, ಡಿಸ್ಟೆಂಪರ್, ಪಾರ್ವೊ, ಇವು ನಾಯಿಗಳ ಜೀವಕ್ಕೇ ಕುತ್ತು ತರುವ ವೈರಸ್ ರೋಗಗಳು. ಇವುಗಳ ಲಸಿಕೆಗಳು ಚಾಲ್ತಿಯಲ್ಲಿರಬೇಕು. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮಾಮೂಲಿ ಸಾಬೂನಿಗೆ ಸಾಯುವುದಿಲ್ಲ, ಬ್ಲೀಚ್ ಬೇಕು. ಹಾಗಾಗಿ ಲಸಿಕೆಗಳು ಪೂರ್ತಿಯಾಗದ ಮರಿಯನ್ನು ಬೋರ್ಡಿಂಗ್‌ಗೆ ಬಿಡಲೇಬೇಡಿ. ಇದರ ಜೊತೆ ಕೆನಲ್ ಕಾಫ್ ಅನ್ನುವ, ನಾಯಿಯಿಂದ ನಾಯಿಗೆ ಹರಡುವ ಕೆಮ್ಮು. ಅದರ ಲಸಿಕೆಯಲ್ಲಿ ಮೂಗಿಗೆ ಹಾಕುವ ಹನಿ ಬೇಗ ಕೆಲಸ ಮಾಡುತ್ತದೆ. ಇಂಜೆಕ್ಷನ್ ಆದರೆ ಮೊದಲ ಸಲ ಎರಡು ಡೋಸ್, ನಡುವೆ ಕೆಲವು ವಾರ ಬಿಡಬೇಕು. ಟಿಕೆಟ್ ಬುಕ್ ಮಾಡಿದ ದಿನವೇ ಪಶುವೈದ್ಯರಿಗೂ ಫೋನ್ ಮಾಡಿ.

[ದೃಶ್ಯ: ಡಬ್ಬಿಯಲ್ಲಿ ಊಟ, ಹಳೆಯ ಟೀ ಶರ್ಟ್]

ಊಟ ಮನೆಯಿಂದಲೇ ಕೊಡಿ. ಮೊಸರನ್ನ ತಿಂದು ಬೆಳೆದ ನಾಯಿಗೆ ಏಕಾಏಕಿ ಬೇರೆ ಫುಡ್ ಹಾಕಿದರೆ ಭೇದಿ ಶುರುವಾಗುತ್ತದೆ. ನೀವು ಹಾಕಿಕೊಂಡ, ಒಗೆಯದ ಟೀ ಶರ್ಟ್ ಒಂದನ್ನು ಹಾಸಿಗೆಯಲ್ಲಿಡಿ. ನಿಮ್ಮ ವಾಸನೆ ಅದಕ್ಕೆ ಧೈರ್ಯ. ಔಷಧಿ, ನಿಮ್ಮ ಡಾಕ್ಟರ್ ನಂಬರ್, ನೀವು ಫೋನ್‌ಗೆ ಸಿಗದಿದ್ದರೆ ಚಿಕಿತ್ಸೆ ಮಾಡಿಸಲು ಒಪ್ಪಿಗೆ, ಇವನ್ನೆಲ್ಲ ಬರೆದೇ ಕೊಡಿ.

ರಜೆಗೆ ಮೊದಲು ಒಂದು ರಾತ್ರಿ ಬಿಟ್ಟು ನೋಡುವುದು ಒಳ್ಳೆಯದು. ಊಟ ಮುಟ್ಟಿತೇ, ನಿದ್ದೆ ಮಾಡಿತೇ ಗೊತ್ತಾಗುತ್ತದೆ. ಮೊದಲ ಸಲವೇ ದೀಪಾವಳಿ ಹೊತ್ತಿಗೆ ಮಾತ್ರ ಬೇಡ. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಜನ, ಮೇಲೆ ಪಟಾಕಿ. ನಾಯಿಗೆ ಅದು ಅನ್ಯಾಯ.

ಬೆಕ್ಕಿನ ವಿಷಯ ಬೇರೆ. ಬೆಕ್ಕಿಗೆ ಮನುಷ್ಯರಷ್ಟೇ ಮನೆಯೂ ಮುಖ್ಯ. ಹೊಸ ಜಾಗದಲ್ಲಿ ಹೆದರಿ ಊಟ ಬಿಡುತ್ತದೆ, ಕೆಲವು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಜಾಸ್ತಿ. ಪಕ್ಕದ ಮನೆಯ ಆಂಟಿ ದಿನಕ್ಕೆರಡು ಸಲ ಬಂದು ಊಟ ಹಾಕಿ, ಮರಳಿನ ಟ್ರೇ ಕ್ಲೀನ್ ಮಾಡಿ ಹೋಗುವುದಾದರೆ ಬೆಕ್ಕು ಮನೆಯಲ್ಲೇ ಇರಲಿ.

[ದೃಶ್ಯ: ನಾಯಿಯ ಕಿವಿ, ಬೆರಳ ಸಂದು]

ವಾಪಸ್ ಕರೆತಂದ ದಿನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಕೆಳಗೆ ರಕ್ತ ಹೀರುವ ಉಣ್ಣೆ ಹುಳ ಇದೆಯೇ ಹುಡುಕಿ. ಉಣ್ಣೆಯಿಂದ ಬರುವ ಟಿಕ್ ಫೀವರ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯಬಹುದು. ಅಷ್ಟೊತ್ತಿಗೆ ನಮಗೆ ಬೋರ್ಡಿಂಗ್ ಮರೆತೇ ಹೋಗಿರುತ್ತದೆ. ಜ್ವರ ಬಂದರೆ, ಊಟ ಬಿಟ್ಟರೆ, ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಕಂಡರೆ ತಕ್ಷಣ ಪಶುವೈದ್ಯರ ಹತ್ತಿರ ಹೋಗಿ. ‘ಇಂಥ ದಿನ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆವು’ ಅಂತ ನೀವಾಗಿಯೇ ಹೇಳಿ, ರಕ್ತಪರೀಕ್ಷೆ ಮಾಡಿಸಿ.